ವಠಾರದ ಕಥೆ: ಬಹುಬ್ಲಾಗ್ ಜಾಲತಾಣವೂ ಬಡ್ಡಿಪ್ರೆಸ್ಸೂ ಬೆಳೆದು ಬಂದ ಬಗೆ

ಕಳೆದ ಯುಗಾದಿ ಸಂಚಿಕೆ ಸಿದ್ಧವಾಗುತ್ತಿದ್ದ ವಾರ ನಮ್ಮ ಸಂಘದ ಹಿರಿಯರೊಬ್ಬರು ರಾತ್ರಿ ಕರೆ ಮಾಡಿ, “ಡಾಕ್ಟ್ರೇ, ನನ್ನ ಪುಟ ತೆರೆಯುತ್ತಲೇ ಇಲ್ಲವಲ್ಲ. ಇಷ್ಟು ವರ್ಷ ಬರೆದದ್ದೆಲ್ಲ ಹೋಗಿಬಿಟ್ಟಿತೇ?” ಎಂದು ಕೇಳಿದರು. ತಮ್ಮ ಹಳ್ಳಿಯ ಜಾತ್ರೆಯ ವಿವರ, ಊರು ಬಿಟ್ಟು ಬಂದ ದಿನದ ನೆನಪು, ಮೊಮ್ಮಕ್ಕಳಿಗೆಂದು ಬರೆದ ಮನೆತನದ ವೃತ್ತಾಂತ, ಇವು ಯಾವುವನ್ನೂ ಅವರು ಬೇರೆ ಕಡೆ ಉಳಿಸಿಕೊಂಡಿರಲಿಲ್ಲ. “ಏನೂ ಹೋಗಿಲ್ಲ ರಾಯರೇ, ಎರಡು ದಿನ ಕೊಡಿ” ಎಂದು ಹೇಳಿದೆನಾದರೂ ಆ ಕ್ಷಣದಲ್ಲಿ ನನಗೇ ಅದರ ಖಾತ್ರಿ ಇರಲಿಲ್ಲ. ಹಿಂದಿನ ರಾತ್ರಿ ತಾಣದ ತಂತ್ರಾಂಶವನ್ನು ಹೊಸ ಆವೃತ್ತಿಗೆ ಏರಿಸಿದವನು ನಾನೇ.

ಆ ಎರಡು ದಿನಗಳಲ್ಲಿ ದೋಷವೇನೋ ಸಿಕ್ಕಿತು. ಅದನ್ನು ಹುಡುಕುವ ದಾರಿಯಲ್ಲಿ ಈ ತಂತ್ರಾಂಶ ಹುಟ್ಟಿ ಬೆಳೆದ ಚರಿತ್ರೆಯನ್ನೂ ಓದಬೇಕಾಯಿತು. ರೋಗಿಯ ಪೂರ್ವವೃತ್ತಾಂತ ಕೇಳದೆ ಔಷಧ ಬರೆಯಬಾರದೆಂದು ನಮಗೆ ಮೊದಲ ವರ್ಷದಲ್ಲೇ ಕಲಿಸುತ್ತಾರೆ. ಜಾಲತಾಣಕ್ಕೂ ಆ ಮಾತು ಸಲ್ಲುತ್ತದೆ ಎಂಬುದು ನನಗೆ ತಡವಾಗಿ ತಿಳಿಯಿತು.

ನಮ್ಮ ತಾಣ ಒಂದು ವಠಾರವಿದ್ದಂತೆ. ಬೆಂಗಳೂರು, ಮೈಸೂರುಗಳ ಹಳೆಯ ಬಡಾವಣೆಗಳಲ್ಲಿ ಬೆಳೆದವರಿಗೆ ವಠಾರದ ಪರಿಚಯ ಇದ್ದೇ ಇರುತ್ತದೆ: ಒಂದೇ ಹೆಬ್ಬಾಗಿಲು, ಒಂದೇ ಬಾವಿ, ಆದರೆ ಪ್ರತಿ ಸಂಸಾರಕ್ಕೂ ಬೇರೆ ಬೇರೆ ಒಲೆ. ಸುದ್ದಿಪತ್ರಿಕೆಗೆ ಒಂದು ಬ್ಲಾಗ್, ಕನ್ನಡ ಶಾಲೆಗೆ ಒಂದು, ಮಹಿಳಾ ಬಳಗಕ್ಕೆ ಒಂದು, ಬರೆಯಬಯಸುವ ಸದಸ್ಯರಿಗೆ ಒಂದೊಂದು. ಎಲ್ಲವೂ ವರ್ಡ್‌ಪ್ರೆಸ್ ಎಂಬ ಒಂದೇ ತಂತ್ರಾಂಶದ ಮೇಲೆ ನಿಂತಿವೆ. ವಠಾರದವರು ಸಂಜೆ ಸೇರಿ ಹರಟುವ ಜಗಲಿಯೇ ಬಡ್ಡಿಪ್ರೆಸ್. ಹೆಸರು ಕೇಳಿ ಲೇವಾದೇವಿಯ ವ್ಯವಹಾರವೆಂದು ಭಾವಿಸಬಾರದು. ಇಂಗ್ಲಿಷಿನಲ್ಲಿ ‘ಬಡ್ಡಿ’ ಎಂದರೆ ಗೆಳೆಯ. ಸದಸ್ಯರ ಪರಿಚಯ ಪುಟ, ಸ್ನೇಹಿತರ ಪಟ್ಟಿ, ಗುಂಪುಗಳು, ಖಾಸಗಿ ಸಂದೇಶ, ಯಾರು ಏನು ಬರೆದರೆಂಬ ಸುದ್ದಿಯ ಸಾಲು, ಇವನ್ನೆಲ್ಲ ಒದಗಿಸುವ ಪ್ಲಗಿನ್ ಅದು.

ಮೂಲ: ಒಬ್ಬರು ಬಿಟ್ಟ ಕೆಲಸ

ಈ ಕಥೆಯ ಆರಂಭ 2001ರಲ್ಲಿ. ಫ್ರಾನ್ಸಿನ ಮಿಷೆಲ್ ವಾಲ್‌ಡ್ರಿಗಿ ಎಂಬ ತರುಣ ‘ಬಿ2’ ಎಂಬ ಬ್ಲಾಗ್ ತಂತ್ರಾಂಶವನ್ನು ಬರೆದು ಉಚಿತವಾಗಿ ಹಂಚಿದರು. ಒಂದೆರಡು ವರ್ಷಗಳಲ್ಲಿ ಅದರ ಕೆಲಸ ನಿಂತುಹೋಯಿತು. ಅದನ್ನೇ ನಂಬಿದ್ದವರು ಕಂಗಾಲಾದರು. ಅಮೆರಿಕದ ಹ್ಯೂಸ್ಟನ್ನಿನಲ್ಲಿ ಓದುತ್ತಿದ್ದ, ಹತ್ತೊಂಬತ್ತು ವಯಸ್ಸಿನ ಮ್ಯಾಟ್ ಮುಲ್ಲೆನ್‌ವೆಗ್ 2003ರ ಜನವರಿಯಲ್ಲಿ ತಮ್ಮ ಬ್ಲಾಗಿನಲ್ಲಿ ಈ ಸಂಕಟವನ್ನು ತೋಡಿಕೊಂಡು, ತಾವೇ ಅದನ್ನು ಮುಂದುವರಿಸುವ ಯೋಚನೆಯಿದೆ ಎಂದು ಬರೆದರು. ಇಂಗ್ಲೆಂಡಿನ ಮೈಕ್ ಲಿಟಲ್ ತಾವೂ ಕೈಜೋಡಿಸುವುದಾಗಿ ಉತ್ತರಿಸಿದರು. ಅದೇ ವರ್ಷ ಮೇ 27ರಂದು ವರ್ಡ್‌ಪ್ರೆಸ್ ಹೊರಬಂತು.

ಇದು ಸಾಧ್ಯವಾದದ್ದು ಬಿ2 ಹೊತ್ತಿದ್ದ ಪರವಾನಗಿಯಿಂದ. ಜಿಪಿಎಲ್ ಎಂಬ ಆ ಪರವಾನಗಿಯ ಪ್ರಕಾರ ತಂತ್ರಾಂಶವನ್ನು ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು, ತಿದ್ದಿದ್ದನ್ನು ಹಂಚಬಹುದು. ಆದರೆ ಹಂಚುವವರು ಅದೇ ಸ್ವಾತಂತ್ರ್ಯವನ್ನು ಮುಂದಿನವರಿಗೂ ಕೊಡಬೇಕು. ಒಬ್ಬರು ಕೈಬಿಟ್ಟ ಕೆಲಸವನ್ನು ಇನ್ನೊಬ್ಬರು ಎತ್ತಿಕೊಳ್ಳುವುದಕ್ಕೆ ಅನುಮತಿ ಬೇಡುವ ಅಗತ್ಯ ಉಳಿಯಲಿಲ್ಲ. ಅದರ ಬೆಲೆ 2004ರಲ್ಲಿ ಲೋಕಕ್ಕೆ ಇನ್ನಷ್ಟು ಸ್ಪಷ್ಟವಾಯಿತು. ಆಗ ಬಹಳ ಜನಪ್ರಿಯವಾಗಿದ್ದ ಮೂವಬಲ್ ಟೈಪ್ ತನ್ನ ಬಳಕೆಯ ನಿಯಮಗಳನ್ನು ಬಿಗಿಗೊಳಿಸಿದಾಗ ಅನೇಕರು ಅದನ್ನು ತೊರೆದು ವರ್ಡ್‌ಪ್ರೆಸ್ ಕಡೆಗೆ ಬಂದರು.

ಅದೇ 2004ರ ಮೇ ತಿಂಗಳಲ್ಲಿ ಬಂದ 1.2 ಆವೃತ್ತಿ ಪ್ಲಗಿನ್ ವ್ಯವಸ್ಥೆಯನ್ನು ತಂದಿತು. ಮೂಲ ತಂತ್ರಾಂಶದಲ್ಲಿ ಅಲ್ಲಲ್ಲಿ ಕೊಕ್ಕೆಗಳನ್ನು ಬಿಟ್ಟಿರುತ್ತಾರೆ. ಹೊರಗಿನವರು ತಮ್ಮ ಸೇರ್ಪಡೆಯನ್ನು ಆ ಕೊಕ್ಕೆಗೆ ತಗಲುಹಾಕಬಹುದು; ಗೋಡೆ ಒಡೆಯಬೇಕಾಗಿಲ್ಲ. 2005ರ 1.5 ಆವೃತ್ತಿಯಲ್ಲಿ ಥೀಮ್‌ಗಳು ಬಂದವು. ತಾಣದ ಉಡುಪು ಅದರ ಒಡಲಿನಿಂದ ಬೇರೆಯಾಯಿತು. ಮೂಲವನ್ನು ಮುಟ್ಟದೆ ನಮಗೆ ಬೇಕಾದಂತೆ ಮಾಡಿಕೊಳ್ಳುವ ಮಾರ್ಗ ಹೀಗೆ ಮೊದಲೇ ಸಿದ್ಧವಾಗಿತ್ತು.

ಒಂದು ಮನೆ ವಠಾರವಾದದ್ದು

ಐರ್ಲೆಂಡಿನ ಡೊನಖ ಓ ಕೀವ್ ಅವರಿಗೆ ಒಂದೇ ತಂತ್ರಾಂಶದಿಂದ ಅನೇಕರ ಬ್ಲಾಗುಗಳನ್ನು ನಡೆಸಬೇಕಾಗಿತ್ತು. ಅವರು ಅದೇ ಬಿ2ವನ್ನು ಬೇರೊಂದು ದಿಕ್ಕಿನಲ್ಲಿ ಬೆಳೆಸಿದರು. ಆ ಕೆಲಸವೇ ಮುಂದೆ ವರ್ಡ್‌ಪ್ರೆಸ್ ಎಂಯು ಆಯಿತು. ಎಂಯು ಎಂದರೆ ಬಹುಬಳಕೆದಾರರದು ಎಂದರ್ಥ. 2005ರಲ್ಲಿ ವರ್ಡ್‌ಪ್ರೆಸ್ ಡಾಟ್ ಕಾಮ್ ಆರಂಭವಾದದ್ದು ಇದರ ಬಲದಿಂದಲೇ. ದುಡ್ಡು ಕೊಡದೆ, ಸರ್ವರ್ ಎಂದರೇನೆಂದು ತಿಳಿಯದೆ, ಕನ್ನಡಿಗರೂ ಅಲ್ಲಿ ಮನೆ ಮಾಡಿದರು. ನಮ್ಮಲ್ಲಿ ಎಷ್ಟೋ ಮಂದಿ ಮೊದಲ ಕನ್ನಡ ಬರಹವನ್ನು ಪ್ರಕಟಿಸಿದ್ದು ಅಲ್ಲಿಯೇ.

ಇದರ ರಚನೆಯನ್ನು ಅರಿಯದೆ ದೋಷಗಳನ್ನು ಅರಿಯಲಾಗದು. ಹೊಸ ಬ್ಲಾಗ್ ತೆರೆದಾಗಲೆಲ್ಲ ಡೇಟಾಬೇಸಿನಲ್ಲಿ ಅದಕ್ಕೊಂದು ಸಂಖ್ಯೆ ದೊರೆತು, ಬರಹಗಳಿಗೆ, ಪ್ರತಿಕ್ರಿಯೆಗಳಿಗೆ, ಆಯ್ಕೆಗಳಿಗೆ ಪ್ರತ್ಯೇಕ ಕೋಷ್ಟಕಗಳು ಹುಟ್ಟುತ್ತವೆ. ಅವು ಒಲೆಗಳು. ಆದರೆ ಸದಸ್ಯರ ಕೋಷ್ಟಕ ಇಡೀ ತಾಣಕ್ಕೆ ಒಂದೇ. ಅದು ಬಾವಿ. ಶಾಲೆಯ ಬ್ಲಾಗಿನಲ್ಲಿ ನೋಂದಾಯಿಸಿದವರು ಸುದ್ದಿಪತ್ರಿಕೆಗೂ ಅದೇ ಗುಪ್ತಪದದಿಂದ ಪ್ರವೇಶಿಸುವುದು ಈ ಕಾರಣದಿಂದ. ಬಾವಿಗೆ ಏನಾದರೂ ಬಿದ್ದರೆ ಎಲ್ಲ ಮನೆಗಳೂ ಬಾಯಾರುವುದೂ ಇದೇ ಕಾರಣದಿಂದ.

2010ರ ಜೂನ್ 17ರಂದು ಬಂದ ವರ್ಡ್‌ಪ್ರೆಸ್ 3.0ರಲ್ಲಿ ಎಂಯು ಮೂಲ ತಂತ್ರಾಂಶದೊಳಗೆ ವಿಲೀನವಾಗಿ ‘ಮಲ್ಟಿಸೈಟ್’ ಎನಿಸಿಕೊಂಡಿತು. ಹಳೆಯ ಹೆಸರಿನ ಗುರುತು ‘ಎಂಯು-ಪ್ಲಗಿನ್ಸ್’ ಎಂಬ ಕಡತಕೋಶದಲ್ಲಿ ಇಂದಿಗೂ ಇದೆ. ಅದರಲ್ಲಿಟ್ಟ ಪ್ಲಗಿನ್ ತಾನಾಗಿಯೇ ಚಾಲೂ ಆಗುತ್ತದೆ. ಪ್ಲಗಿನ್ ಪುಟದಿಂದ ಅದನ್ನು ಆರಿಸಲಾಗದು. ಅಲ್ಲಿರುವುದನ್ನು ಮರೆತರೆ ದೋಷ ಹುಡುಕುವವನಿಗೆ ಬಹಳ ಹೊತ್ತು ದಾರಿ ತಪ್ಪುತ್ತದೆ.

ಜಗಲಿ ಬಂದದ್ದು

ಆ್ಯಂಡಿ ಪೀಟ್ಲಿಂಗ್ ಎಂಬವರು ಕಾಲೇಜು ವಿದ್ಯಾರ್ಥಿನಿಯರಿಗಾಗಿ ವರ್ಡ್‌ಪ್ರೆಸ್ ಎಂಯು ಮೇಲೆ ಒಂದು ಸಾಮಾಜಿಕ ಜಾಲವನ್ನು ಕಟ್ಟಿದ್ದರು. ಆ ಅನುಭವದಿಂದ ಬಡ್ಡಿಪ್ರೆಸ್ ಮೊಳೆಯಿತು. 2008ರಲ್ಲಿ ಅವರು ವರ್ಡ್‌ಪ್ರೆಸ್ ಡಾಟ್ ಕಾಮ್ ನಡೆಸುವ ಆಟೋಮ್ಯಾಟಿಕ್ ಸಂಸ್ಥೆಯನ್ನು ಸೇರಿದರು. 2009ರಲ್ಲಿ ಬಡ್ಡಿಪ್ರೆಸ್ 1.0 ಹೊರಬಂತು. ಆರಂಭದಲ್ಲಿ ಅದು ಬಹುಬ್ಲಾಗ್ ತಾಣಗಳಲ್ಲಿ ಮಾತ್ರ ನಡೆಯುತ್ತಿತ್ತು. 2010ರ ಫೆಬ್ರವರಿಯ 1.2 ಆವೃತ್ತಿಯಿಂದ ಒಂಟಿ ಬ್ಲಾಗಿಗೂ ಒಗ್ಗಿತು. 2011ರ 1.5ರಿಂದ ಸದಸ್ಯರು, ಗುಂಪುಗಳು ಮುಂತಾದ ವಿಭಾಗಗಳಿಗೆ ಒಂದೊಂದು ವರ್ಡ್‌ಪ್ರೆಸ್ ಪುಟವನ್ನು ಗೊತ್ತುಪಡಿಸುವ ಕ್ರಮ ಬಂತು. ಆ ಕ್ರಮವಿದ್ದಾಗ, ಪುಟ ಖಾಲಿಯಾಗಿ ಕಾಣುತ್ತದೆಂದು ಯಾರಾದರೂ ಅಳಿಸಿದರೆ ವಿಭಾಗವೇ ಕಣ್ಮರೆಯಾಗುತ್ತಿತ್ತು. 2013ರ 1.7ರ ತನಕ ಬಡ್ಡಿಪ್ರೆಸ್ಸಿಗೆಂದೇ ಸಿದ್ಧಪಡಿಸಿದ ಥೀಮ್ ಬೇಕಾಗಿತ್ತು. ಅನಂತರ ಬಹುತೇಕ ಎಲ್ಲ ಥೀಮ್‌ಗಳಲ್ಲಿಯೂ ಅದು ಕಾಣಿಸಿಕೊಳ್ಳತೊಡಗಿತು. 2014ರ 2.0 ಆವೃತ್ತಿ, ನೋಂದಾಯಿಸಿಯೂ ಖಾತೆ ಸಕ್ರಿಯಗೊಳಿಸದೆ ಉಳಿದವರ ಪಟ್ಟಿಯನ್ನು ನಿರ್ವಾಹಕರ ಕಣ್ಣೆದುರು ಇಟ್ಟಿತು. “ಇಮೇಲೇ ಬರಲಿಲ್ಲ” ಎನ್ನುವ ಸದಸ್ಯರಿಗೆ ಆ ಪಟ್ಟಿಯಿಂದಲೇ ನಾವು ಇಂದು ನೆರವಾಗುತ್ತಿದ್ದೇವೆ.

ಇದನ್ನು ಚೆನ್ನಾಗಿ ಬಳಸಿಕೊಂಡವರಲ್ಲಿ ನ್ಯೂಯಾರ್ಕ್ ನಗರ ವಿಶ್ವವಿದ್ಯಾಲಯದ ‘ಅಕಾಡೆಮಿಕ್ ಕಾಮನ್ಸ್’ ಹೆಸರಾದದ್ದು. 2009ರಲ್ಲಿ ಆರಂಭವಾದ ಆ ತಾಣ ಅನೇಕ ಕಾಲೇಜುಗಳ ಅಧ್ಯಾಪಕರನ್ನೂ ಸಂಶೋಧಕರನ್ನೂ ಒಂದೇ ಜಗಲಿಗೆ ಕರೆತಂದಿತು. ಅದರ ತಂತ್ರಜ್ಞ ಬೂನ್ ಗೋರ್ಜಸ್ ತಮ್ಮ ತಾಣಕ್ಕೆಂದು ಮಾಡಿದ ಬದಲಾವಣೆಗಳನ್ನು ಬಚ್ಚಿಟ್ಟುಕೊಳ್ಳದೆ ಬಡ್ಡಿಪ್ರೆಸ್ಸಿಗೇ ಮರಳಿಸುತ್ತ, ಮುಂದೆ ಅದರ ಪ್ರಮುಖ ನಿರ್ಮಾತೃಗಳಲ್ಲಿ ಒಬ್ಬರಾದರು. 2012ರಲ್ಲಿ ಆ ತಂಡ ಇಡೀ ವ್ಯವಸ್ಥೆಯನ್ನು ‘ಕಾಮನ್ಸ್ ಇನ್ ಎ ಬಾಕ್ಸ್’ ಎಂಬ ಹೆಸರಿನಲ್ಲಿ ಎಲ್ಲರಿಗೂ ಉಚಿತವಾಗಿ ಕೊಟ್ಟಿತು.

ಕನ್ನಡ ಎದುರಿಸಿದ ತೊಡಕುಗಳು

ರೋಮನ್ ಲಿಪಿಯವರು ಕಟ್ಟಿದ ವಠಾರದಲ್ಲಿ ಕನ್ನಡಕ್ಕೆ ಕೆಲವು ಬಾಗಿಲುಗಳು ಗಿಡ್ಡವಾಗಿದ್ದವು. ಡೇಟಾಬೇಸಿನ ಅಕ್ಷರಸಂಕೇತವನ್ನು ಸಂರಚನಾ ಕಡತದಲ್ಲಿ ಸ್ಪಷ್ಟವಾಗಿ ನಮೂದಿಸುವ ಕ್ರಮ ಬಂದದ್ದು 2007ರ 2.2 ಆವೃತ್ತಿಯಲ್ಲಿ. ಅದಕ್ಕೆ ಹಿಂದಿನ ತಾಣಗಳನ್ನು ಬೇರೆ ಸರ್ವರಿಗೆ ಸಾಗಿಸಿದಾಗ ಕನ್ನಡ ಬರಹಗಳು ಪ್ರಶ್ನಾರ್ಥಕ ಚಿಹ್ನೆಗಳ ಸಾಲಾಗುತ್ತಿದ್ದುದುಂಟು. ಮೂಲ ಪ್ರತಿ ಕೈಯಲ್ಲಿರುವಾಗಲೇ ಸಂಕೇತವನ್ನು ಸರಿಪಡಿಸಿದರೆ ಅಕ್ಷರಗಳು ಮರಳುತ್ತವೆ. ಪ್ರಶ್ನಾರ್ಥಕಗಳನ್ನೇ ಉಳಿಸಿ ಮೂಲವನ್ನು ಅಳಿಸಿದರೆ ಮರಳುವುದಿಲ್ಲ.

ಪುಟದ ವಿಳಾಸದ್ದು ಇನ್ನೊಂದು ಕಥೆ. ಬರಹದ ಶೀರ್ಷಿಕೆಯಿಂದ ವಿಳಾಸ ರೂಪುಗೊಳ್ಳುವಾಗ ಅದಕ್ಕೆ 200 ಅಕ್ಷರಗಳ ಮಿತಿಯಿದೆ. ಯುನಿಕೋಡಿನ ಪ್ರತಿ ಕನ್ನಡ ಸಂಕೇತ ವಿಳಾಸದಲ್ಲಿ 9 ಅಕ್ಷರಗಳಾಗಿ ಹಿಗ್ಗುತ್ತದೆ. ‘ಕನ್ನಡ’ ಎಂಬ ಒಂದೇ ಪದದಲ್ಲಿ ವಿರಾಮಚಿಹ್ನೆಯೂ ಸೇರಿ 5 ಸಂಕೇತಗಳಿವೆ. ವಿಳಾಸದಲ್ಲಿ ಅದು 45 ಅಕ್ಷರಗಳು. ಸುಮಾರು 22 ಸಂಕೇತಗಳಾಗುವಷ್ಟರಲ್ಲಿ ಮಿತಿ ಮುಗಿದು ಶೀರ್ಷಿಕೆ ನಡುವೆಯೇ ತುಂಡಾಗುತ್ತದೆ. ವಿಳಾಸವನ್ನು ನಾವೇ ಚಿಕ್ಕದಾಗಿ ಬರೆದುಕೊಡುವುದು ಇದಕ್ಕೆ ಸುಲಭ ಪರಿಹಾರ. ಬಹುಬ್ಲಾಗ್ ತಾಣದಲ್ಲಿ ಹೊಸದಾಗಿ ನೋಂದಾಯಿಸುವವರ ಬಳಕೆಯ ಹೆಸರೂ ಇಂಗ್ಲಿಷಿನ ಸಣ್ಣಕ್ಷರ, ಅಂಕಿಗಳಲ್ಲೇ ಇರಬೇಕು. ಆದರೆ ಎಲ್ಲರಿಗೂ ಕಾಣುವ ಹೆಸರು ಕನ್ನಡದಲ್ಲಿರಲು ಅಡ್ಡಿಯಿಲ್ಲ.

ನಮ್ಮ ದೋಷ ಎಲ್ಲಿತ್ತು

ಈಗ ರಾಯರ ಪುಟಕ್ಕೆ ಮರಳೋಣ. ವಯಸ್ಸಾದ ರೋಗಿಯೊಬ್ಬರು ನಾಲ್ವರು ವೈದ್ಯರು ಬರೆದ ಹನ್ನೆರಡು ಮಾತ್ರೆಗಳನ್ನು ನುಂಗುತ್ತ ತಲೆಸುತ್ತು ಎಂದು ಬಂದರೆ, ಹದಿಮೂರನೆಯದನ್ನು ಬರೆಯುವ ಮೊದಲು ಇರುವ ಹನ್ನೆರಡರಲ್ಲಿ ಯಾವುದು ಯಾವುದರೊಡನೆ ಜಗಳವಾಡುತ್ತಿದೆ ಎಂದು ನೋಡಬೇಕು. ಪ್ಲಗಿನ್‌ಗಳ ವಿಷಯದಲ್ಲಿಯೂ ಕ್ರಮ ಅದೇ. ಮೊದಲು ಡೇಟಾಬೇಸನ್ನೂ ಕಡತಗಳನ್ನೂ ನಕಲು ಮಾಡಿಟ್ಟುಕೊಂಡೆ. ಈ ಕೆಲಸವನ್ನು ಆವೃತ್ತಿ ಏರಿಸುವ ಮೊದಲೇ ಮಾಡಬೇಕಾಗಿತ್ತು. ನಕಲಿನಲ್ಲಿ ಬರಹಗಳೆಲ್ಲ ಸುರಕ್ಷಿತವಾಗಿ ಕಂಡಾಗ ನಿಟ್ಟುಸಿರು ಬಿಟ್ಟೆ. ಬಳಿಕ ಆ ನಕಲಿನ ಮೇಲೆ ಪ್ಲಗಿನ್‌ಗಳನ್ನೆಲ್ಲ ಆರಿಸಿ ಒಂದೊಂದಾಗಿ ಹಚ್ಚಿದೆ. ಬಡ್ಡಿಪ್ರೆಸ್ ಒಂದನ್ನೇ ಹಚ್ಚಿದಾಗಲೂ ಸದಸ್ಯರ ಪುಟ ಬೀಳುತ್ತಿತ್ತು. ಥೀಮನ್ನು ಬದಲಿಸಿದೊಡನೆ ಪುಟ ತೆರೆಯಿತು.

ಕಾರಣ ಆಗ ಸ್ಪಷ್ಟವಾಯಿತು. ಹಿಂದೆ ಈ ಹೊಣೆ ಹೊತ್ತಿದ್ದ ಸ್ವಯಂಸೇವಕರೊಬ್ಬರು ಪರಿಚಯ ಪುಟದಲ್ಲಿ ಹುಟ್ಟೂರಿನ ಹೆಸರು ಅಂದವಾಗಿ ಕಾಣಲೆಂದು ಬಡ್ಡಿಪ್ರೆಸ್ಸಿನ ಮೂಲ ಕಡತಕ್ಕೇ ಕೆಲವು ಸಾಲುಗಳನ್ನು ಸೇರಿಸಿದ್ದರು. ನಮ್ಮ ಥೀಮ್ ಆ ಸಾಲುಗಳನ್ನು ನೆಚ್ಚಿಕೊಂಡಿತ್ತು. ಹೊಸ ಆವೃತ್ತಿ ಬಂದಾಗ ಹಳೆಯ ಕಡತದೊಂದಿಗೆ ಅವೂ ಅಳಿದವು. ಥೀಮ್ ಅವುಗಳನ್ನು ಕರೆದು, ಕಾಣದೆ, ಅಲ್ಲಿಯೇ ನಿಂತುಬಿಟ್ಟಿತು. ಅವರ ಉದ್ದೇಶ ಒಳ್ಳೆಯದೇ. ಆದರೆ ಕೊಕ್ಕೆ ಇದ್ದ ಕಡೆ ಗೋಡೆ ಒಡೆದಿದ್ದರು, ಒಡೆದದ್ದನ್ನು ಎಲ್ಲಿಯೂ ಬರೆದಿಟ್ಟಿರಲಿಲ್ಲ. ಕೇಳೋಣವೆಂದರೆ ಅವರು ಬೇರೆ ದೇಶಕ್ಕೆ ಹೋಗಿ ವರ್ಷಗಳಾಗಿದ್ದವು.

ಇಂಥ ಸೇರ್ಪಡೆಗಳಿಗೆಂದೇ ಬಡ್ಡಿಪ್ರೆಸ್ ‘ಬಿಪಿ-ಕಸ್ಟಮ್’ ಎಂಬ ಪ್ರತ್ಯೇಕ ಕಡತಕ್ಕೆ ಅವಕಾಶ ಕೊಟ್ಟಿದೆ; ಆವೃತ್ತಿ ಬದಲಾದರೂ ಅದನ್ನು ಯಾರೂ ಮುಟ್ಟುವುದಿಲ್ಲ. ಉಡುಪಿನ ಬದಲಾವಣೆಗೆ ಮೂಲ ಥೀಮನ್ನು ಹಾಗೆಯೇ ಬಿಟ್ಟು ಅದರ ಮರಿ ಥೀಮನ್ನು ಮಾಡಿಕೊಳ್ಳಬಹುದು. ಹಳೆಯ ನಕಲೊಂದರಲ್ಲಿ ಉಳಿದಿದ್ದ ಆ ಸಾಲುಗಳನ್ನು ಹುಡುಕಿ ಈ ಎರಡು ಕಡೆ ಇಟ್ಟೆ. ಎರಡನೆಯ ರಾತ್ರಿ ಪುಟಗಳು ತೆರೆದವು.

ಬಿ2 ನಿಂತಾಗ ಅದನ್ನು ಇನ್ನೊಬ್ಬರು ಎತ್ತಿಕೊಂಡು ಮುಂದುವರಿಸಲು ಸಾಧ್ಯವಾದದ್ದು ಅದರ ಪ್ರತಿ ಸಾಲೂ ಬಯಲಿನಲ್ಲಿದ್ದುದರಿಂದ. ನಮ್ಮಂಥ ಸಂಘಗಳಲ್ಲಿ ಸ್ವಯಂಸೇವಕರು ಬರುತ್ತಾರೆ, ಕೆಲಸ ಬದಲಾಗಿ ಊರು ಬಿಡುತ್ತಾರೆ. ಅವರು ಮಾಡಿದ್ದು ಅವರ ತಲೆಯಲ್ಲಷ್ಟೇ ಉಳಿದರೆ, ಅವರೊಂದಿಗೆ ನಮ್ಮ ಹಿರಿಯರ ಬರಹಗಳೂ ಒಂದು ದಿನ ಹೊರಟುಹೋಗಬಹುದು. ಆಸ್ಪತ್ರೆಯಲ್ಲಿ ಪಾಳಿ ಬದಲಾಗುವಾಗ ಪ್ರತಿ ರೋಗಿಯ ಕೇಸ್ ಶೀಟನ್ನು ಮುಂದಿನವರ ಕೈಗೆ ಒಪ್ಪಿಸದೆ ನಾವು ಮನೆಗೆ ಹೋಗುವುದಿಲ್ಲ.

ಆದ್ದರಿಂದ ಈಗ ನಮ್ಮ ತಾಣಕ್ಕೂ ಒಂದು ಕೇಸ್ ಶೀಟ್ ಇದೆ. ಏನನ್ನು, ಯಾವ ದಿನ, ಏಕೆ ಬದಲಿಸಿದೆವು, ಮರಳಿಸುವುದು ಹೇಗೆ ಎಂಬುದನ್ನು ಕನ್ನಡದಲ್ಲಿಯೇ ಬರೆದು ಕಾರ್ಯದರ್ಶಿಗಳ ಬಳಿ ಇರಿಸಿದ್ದೇವೆ. ಪ್ರತಿ ತಿಂಗಳ ಮೊದಲ ಭಾನುವಾರ ಡೇಟಾಬೇಸಿನ ನಕಲು ತೆಗೆಯುತ್ತೇವೆ. ಹೊಸ ಆವೃತ್ತಿಯನ್ನು ಮೊದಲು ನಕಲಿನ ಮೇಲೆ ಪರೀಕ್ಷಿಸುತ್ತೇವೆ. ಈ ಕೆಲಸ ಕಲಿಯಲು ಇನ್ನಿಬ್ಬರು ಬೇಕಾಗಿದ್ದಾರೆ. ಹೈಸ್ಕೂಲಿನ ಮಕ್ಕಳಾದರೂ ಸರಿ, ನಿವೃತ್ತರಾದರೂ ಸರಿ.

ರಾಯರಿಗೆ ಮರುದಿನ ಬೆಳಗ್ಗೆ ಕರೆ ಮಾಡಿ ವಿಷಯ ತಿಳಿಸಿದೆ. ಅವರು ತಮ್ಮ ಜಾತ್ರೆಯ ಬರಹವನ್ನು ತೆರೆದು, ಎರಡನೆಯ ಸಾಲಿನಲ್ಲಿ ಒಂದು ಕಾಗುಣಿತ ತಪ್ಪಿದೆ, ಅದನ್ನು ಈಗಲಾದರೂ ತಿದ್ದಬಹುದೇ ಎಂದು ಕೇಳಿದರು.