ಶಿವರಾಮ ಕಾರಂತ: ಅಧಿಕಾರಕ್ಕೆ ಎದುರಾದ ಕಾದಂಬರಿಕಾರ

ಕೋಟ ಶಿವರಾಮ ಕಾರಂತ (10 ಅಕ್ಟೋಬರ್ 1902 – 9 ಡಿಸೆಂಬರ್ 1997). ಉಡುಪಿ ಸೀಮೆಯ ಕೋಟದಲ್ಲಿ ಹುಟ್ಟಿದ ಕನ್ನಡ ಕಾದಂಬರಿಕಾರ, ಕೋಶಕಾರ, ಯಕ್ಷಗಾನದ ಪ್ರಯೋಗಶೀಲ, ಪರಿಸರ ಹೋರಾಟಗಾರ. ಓದುಗರಿಗೆ ‘ಕಡಲತೀರದ ಭಾರ್ಗವ’, ಮಕ್ಕಳಿಗೆ ‘ಕಾರಂತಜ್ಜ’. ನಲವತ್ತಕ್ಕೂ ಹೆಚ್ಚು ಕಾದಂಬರಿ ಬರೆದ ಅವರು ಆಳುವವರ ದರ್ಪವನ್ನು ಕಡೆತನಕ ಕೆಣಕಿದರು. ಆದರೆ ಮುಂದೆಂದೋ ಬರಲಿರುವ ಕರಾಳ ರಾಜ್ಯವನ್ನು ಕಲ್ಪಿಸುವ ಗೋಜಿಗೆ ಹೋಗಲಿಲ್ಲ.

ಅಂಥ ರಾಜ್ಯವನ್ನು ಕಲ್ಪಿಸಿ ಹೆಸರಾದ ಜಾರ್ಜ್ ಆರ್ವೆಲ್ ಕಾರಂತರಿಗಿಂತ ಎಂಟೇ ತಿಂಗಳಿಗೆ ಕಿರಿಯ. 1903ರ ಜೂನ್ 25ರಂದು ಹುಟ್ಟಿದ್ದು ಬಿಹಾರದ ಮೋತಿಹಾರಿಯಲ್ಲಿ. ತಂದೆ ಬ್ರಿಟಿಷ್ ಸರ್ಕಾರದ ಅಫೀಮು ಇಲಾಖೆಯ ನೌಕರ. ಆರ್ವೆಲ್‌ರ ‘ಅನಿಮಲ್ ಫಾರ್ಮ್’ 1945ರಲ್ಲಿ, ‘1984’ ಅದರ ನಾಲ್ಕು ವರ್ಷದ ಮೇಲೆ ಬಂದವು. ಇವೆರಡರ ನಡುವೆ, 1947ರಲ್ಲಿ, ಕಾರಂತರ ‘ಔದಾರ್ಯದ ಉರುಳಲ್ಲಿ’ ಪ್ರಕಟವಾಯಿತು. ದೇಶವೆಲ್ಲ ಸ್ವಾತಂತ್ರ್ಯದ ಸಡಗರದಲ್ಲಿದ್ದಾಗ ಬಂದ ಈ ರಾಜಕೀಯ ಕಾದಂಬರಿ, ಚಳವಳಿಯ ಒಳಗಿನ ಹುಳುಕನ್ನು ಮುಲಾಜಿಲ್ಲದೆ ನೋಡುತ್ತದೆ.

ಚಳವಳಿ ಅವರಿಗೆ ಹೊರಗಿನದಾಗಿರಲಿಲ್ಲ. ಗಾಂಧಿಯವರ ಅಸಹಕಾರದ ಕರೆಗೆ ಕಾಲೇಜು ಬಿಟ್ಟು, ಖಾದಿ, ಸ್ವದೇಶಿ ಎಂದು ಊರೂರು ಅಲೆದವರು ಅವರು. ‘ಮರಳಿ ಮಣ್ಣಿಗೆ’ಯ ರಾಮನೂ ಓದು ಬಿಟ್ಟು ಹೋರಾಟಕ್ಕೆ ಇಳಿಯುತ್ತಾನೆ, ‘ಬೆಟ್ಟದ ಜೀವ’ದಲ್ಲಿ ಮನೆ ಬಿಟ್ಟುಹೋದ ಮಗನ ದಾರಿ ಕಾಯುತ್ತ ಕೂತ ಮುದುಕ ದಂಪತಿಗಳಿದ್ದಾರೆ.

ಮನುಷ್ಯನನ್ನು ಹಿಡಿತದಲ್ಲಿಡುವ ವ್ಯವಸ್ಥೆಯ ಚಿತ್ರ ಬೇಕಾದರೆ ‘ಚೋಮನ ದುಡಿ’ (1933) ಸಾಕು. ಚೋಮ ಎತ್ತು ಸಾಕಿದ್ದಾನೆ, ಉಳಲು ಗೇಣು ನೆಲವಿಲ್ಲ. ಒಡೆಯ ಸಂಕಪ್ಪಯ್ಯನಿಗೆ ಕೊಡುವ ಮನಸ್ಸು ಇಲ್ಲದಿಲ್ಲ, ಆದರೆ ಹೊಲೆಯನಿಗೆ ಬೇಸಾಯವೇ ಎಂದು ತಾಯಿ ಅಡ್ಡ ಬರುತ್ತಾಳೆ. ಸಾಲ ತೀರಿಸಲು ಹೋದ ಮಕ್ಕಳನ್ನು ಕಾಫಿತೋಟ ನುಂಗುತ್ತದೆ. ಇಲ್ಲಿ ಪೊಲೀಸರಿಲ್ಲ, ಗೂಢಚಾರರಿಲ್ಲ; ಜಾತಿ ಮತ್ತು ಸಾಲ ಎರಡೇ ಸೇರಿ ಆ ಕೆಲಸ ಪೂರೈಸುತ್ತವೆ. ಆರ್ವೆಲ್ ಕಲ್ಪಿಸಿದ ಲಂಡನ್ನಿಗಿಂತ ಚೋಮನ ಊರಾದ ಈ ಭೋಗನಹಳ್ಳಿ ಹೆಚ್ಚು ಭಯ ಹುಟ್ಟಿಸುತ್ತದೆ ಎಂದರೆ ತಪ್ಪಿಲ್ಲ.

ಪ್ರಭುತ್ವ ಬಹಿರಂಗವಾಗಿಯೇ ಬಾಯಿ ಮುಚ್ಚಿಸಲು ಹೊರಟದ್ದು 1975ರಲ್ಲಿ. ತುರ್ತುಪರಿಸ್ಥಿತಿ ಘೋಷಣೆಯಾದದ್ದು ಜೂನ್ 25ರ ರಾತ್ರಿ. ಆರ್ವೆಲ್ ಹುಟ್ಟಿದ ದಿನವೂ ಅದೇ ಎಂಬುದು ಚರಿತ್ರೆಯ ಕುಹಕವಿರಬೇಕು. ಪತ್ರಿಕೆಗಳಿಗೆ ಸೆನ್ಸಾರ್ ಬಿತ್ತು. ‘ಸಂಸ್ಕಾರ’ ಚಿತ್ರದ ನಟಿ ಸ್ನೇಹಲತಾ ರೆಡ್ಡಿ ಬೆಂಗಳೂರಿನ ಜೈಲು ಸೇರಿ, ಬಿಡುಗಡೆಯಾದ ಸ್ವಲ್ಪ ದಿನಕ್ಕೇ, 1977ರ ಜನವರಿಯಲ್ಲಿ ತೀರಿಕೊಂಡರು. ಕಾರಂತರು ಪ್ರತಿಭಟಿಸಿ ಪದ್ಮಭೂಷಣವನ್ನು ಹಿಂದಿರುಗಿಸಿದರು. ‘ಮೂಕಜ್ಜಿಯ ಕನಸುಗಳು’ ಕೃತಿಗೆ ಅವರಿಗೆ ಜ್ಞಾನಪೀಠ ಬಂದದ್ದು 1977ನೇ ಸಾಲಿಗೆ.

ಕನ್ನಡದಲ್ಲಿ, ಕಾರಂತರ ನಂತರದ ತಲೆಮಾರಿನಲ್ಲಿ, ಪೊಲೀಸ್ ಠಾಣೆಯ ಚಿತ್ರಹಿಂಸೆಯನ್ನೂ ಅಧಿಕಾರ ರಾಜಕಾರಣದ ಕೊಳೆಯನ್ನೂ ನೇರವಾಗಿ ಕಾದಂಬರಿಗೆ ತಂದವರು ಯು.ಆರ್. ಅನಂತಮೂರ್ತಿ, 1978ರ ‘ಅವಸ್ಥೆ’ಯಲ್ಲಿ. ನಾಯಕನ ಹಿಂದೆ ಸಮಾಜವಾದಿ ಶಾಂತವೇರಿ ಗೋಪಾಲಗೌಡರ ನೆರಳಿದೆ.

ಕಾರಂತರ ಜಗಳ ಮುಂದೆ ಕೈಗಾಕ್ಕೆ ಸಾಗಿತು. ಅಲ್ಲಿನ ಕಾಳಿ ನದಿ ದಂಡೆಯ ಅಣುಸ್ಥಾವರವನ್ನು ವಿರೋಧಿಸಿ, 1989ರ ಲೋಕಸಭಾ ಚುನಾವಣೆಗೆ ಉತ್ತರ ಕನ್ನಡದಿಂದ ನಿಂತರು, ಸೋತರು. ಆಗ ಅವರಿಗೆ ಎಂಬತ್ತೇಳು. 1994ರ ಮೇ ತಿಂಗಳಲ್ಲಿ, ಇನ್ನೂ ಕಟ್ಟುತ್ತಿದ್ದಾಗಲೇ, ಸ್ಥಾವರದ ಗುಮ್ಮಟದ ಒಳಪದರ ಕುಸಿಯಿತು. ಆದರೂ ಯೋಜನೆ ನಿಲ್ಲಲಿಲ್ಲ. 2000ದಲ್ಲಿ ವಾಣಿಜ್ಯ ಉತ್ಪಾದನೆ ಶುರುವಾಯಿತು.

ಪುತ್ತೂರಿನ ಬಾಲವನದಲ್ಲಿ ದಶಕಗಳನ್ನು ಕಳೆದ ಕಾರಂತರು ಕೊನೆಗಾಲಕ್ಕೆ ಸಾಲಿಗ್ರಾಮಕ್ಕೆ ಬಂದು ನೆಲೆಸಿದರು. ತೀರಿಕೊಂಡದ್ದು ಮಣಿಪಾಲದಲ್ಲಿ, ಉಡುಪಿ ಪ್ರತ್ಯೇಕ ಜಿಲ್ಲೆಯಾಗಿ ನಾಲ್ಕು ತಿಂಗಳೂ ಕಳೆದಿರಲಿಲ್ಲ. ಅವರನ್ನು ಹೊಸದಾಗಿ ಓದಹೊರಟವರು ಮೊದಲು ‘ಚೋಮನ ದುಡಿ’ಯನ್ನು, ಅದರ ಬೆನ್ನಿಗೇ ‘ಔದಾರ್ಯದ ಉರುಳಲ್ಲಿ’ಯನ್ನು ಕೈಗೆತ್ತಿಕೊಳ್ಳುವುದು ಒಳ್ಳೆಯದು.