ಗಡಿಯಾರದ ಕಾರ್ಖಾನೆಯಿಂದ ಗುತ್ತಿಗೆ ಕಾರ್ಡಿನವರೆಗೆ

ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ 1961ರಲ್ಲಿ ಬೆಂಗಳೂರಿನಲ್ಲಿ ಕೈಗಡಿಯಾರ ಮಾಡಲು ತೊಡಗಿದ ಎಚ್‌ಎಂಟಿ, 1978ರಲ್ಲಿ ತುಮಕೂರಿಗೂ ಕಾರ್ಖಾನೆ ತಂದಿತು. ಅಲ್ಲಿ ಕೆಲಸ ಸಿಕ್ಕಿತೆಂದರೆ ಕಾಯಂ ಸಂಬಳ, ಪಿಎಫ್, ಗ್ರಾಚ್ಯುಟಿ ಸಿಕ್ಕಂತೆ. ಜಗಳವಿದ್ದರೂ ಅದು ಯಾರೊಂದಿಗೆ ಎಂಬುದು ಕಾರ್ಮಿಕನಿಗೆ ಗೊತ್ತಿತ್ತು.

ಅದೇ 1978ರಲ್ಲಿ, ಬೆಂಗಳೂರು ನೀರು ಸರಬರಾಜು ಮಂಡಳಿಯ ಎ. ರಾಜಪ್ಪ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ‘ಕೈಗಾರಿಕೆ’ ಎಂಬ ಪದಕ್ಕೆ ಬಹು ವಿಶಾಲವಾದ ಅರ್ಥ ಕೊಟ್ಟಿತು. ಆಸ್ಪತ್ರೆ, ಶಿಕ್ಷಣ ಸಂಸ್ಥೆಗಳ ನೌಕರರಿಗೂ 1947ರ ಕೈಗಾರಿಕಾ ವಿವಾದ ಕಾಯ್ದೆಯ ಬಾಗಿಲು ತೆರೆಯಿತು. 1980ರ ಡಿಸೆಂಬರಿನಿಂದ ಬೆಂಗಳೂರಿನ ಎಚ್‌ಎಂಟಿ, ಎಚ್‌ಎಎಲ್, ಬಿಇಎಲ್, ಐಟಿಐ, ಬಿಇಎಂಎಲ್ ಕಾರ್ಮಿಕರು ವೇತನ ಸಮಾನತೆಗಾಗಿ 77 ದಿನ ಮುಷ್ಕರ ಹೂಡಿದರು. ಕೇಳಿದ್ದೆಲ್ಲ ಕೈಗೂಡಲಿಲ್ಲ. ಆದರೂ ಸಾರ್ವಜನಿಕ ಉದ್ದಿಮೆಯ ಕಾರ್ಮಿಕ ಸಂಘಗಳ ಬಲ ಎಷ್ಟೆಂದು ಇಡೀ ರಾಜ್ಯ ಕಂಡಿತು.

1991ರ ಉದಾರೀಕರಣದ ನಂತರ ಆ ಬಲ ಕರಗಿತು. ಟೈಟನ್ನಿನ ಪೈಪೋಟಿ, ಅಗ್ಗದ ವಿದೇಶಿ ಗಡಿಯಾರ, ಆಮೇಲೆ ಮೊಬೈಲು ಒಂದರ ಹಿಂದೊಂದು ಬಂದವು. 2016ರ ಜನವರಿಯಲ್ಲಿ ಕೇಂದ್ರ ಸಚಿವ ಸಂಪುಟ ಎಚ್‌ಎಂಟಿ ವಾಚಸ್ ಮುಚ್ಚಲು ಒಪ್ಪಿತು. ಉಳಿದಿದ್ದ ನೌಕರರನ್ನು 2007ರ ಕಾಲ್ಪನಿಕ ವೇತನ ಶ್ರೇಣಿಯ ಲೆಕ್ಕದಲ್ಲಿ ಸ್ವಯಂ ನಿವೃತ್ತಿ ಕೊಟ್ಟು ಕಳಿಸಲಾಯಿತು. ತುಮಕೂರಿನ ಆ ಜಾಗ ಇಂದು ಇಸ್ರೋ ಕೈಯಲ್ಲಿದೆ.

ಕಾಯಂ ಕೆಲಸದ ಈ ಕಥೆಯ ಪಕ್ಕದಲ್ಲೇ, ಕಾಯಂ ಎಂಬ ಮಾತೇ ಇಲ್ಲದ ಇನ್ನೊಂದು ಕಥೆ ನಗರದ ಓಣಿಗಳಲ್ಲಿ ಮೊದಲಿನಿಂದಲೂ ನಡೆದಿತ್ತು. ಮೊರವನ್ನು ತೊಡೆಯ ಮೇಲಿಟ್ಟುಕೊಂಡು ಹೆಣ್ಣುಮಗಳೊಬ್ಬಳು ಬೀಡಿ ಕಟ್ಟುತ್ತಾಳೆ. ನೆನೆಸಿದ ಎಲೆಯನ್ನು ಅಳತೆಗೆ ಕತ್ತರಿಸಿ, ಚಿಟಿಕೆ ತಂಬಾಕು ಹರವಿ, ಸುರುಳಿ ಸುತ್ತಿ, ಬಾಯಿ ಮಡಚಿ, ನೂಲು ಬಿಗಿಯುತ್ತಾಳೆ. ಕೂಲಿ ಸಾವಿರಕ್ಕೆ ಇಷ್ಟು ಎಂದು. ಗುತ್ತಿಗೆದಾರ ‘ಇದು ಸರಿಯಿಲ್ಲ’ ಎಂದು ಪಕ್ಕಕ್ಕೆ ತಳ್ಳಿದ ಬೀಡಿಗೆ ಕಾಸಿಲ್ಲ. 1966ರ ಬೀಡಿ ಕಾರ್ಮಿಕರ ಕಾಯ್ದೆ ಇಂಥ ಮನೆಗೆಲಸವನ್ನೂ ಕಾನೂನಿನೊಳಗೆ ತಂದದ್ದು ಸಣ್ಣ ಸಾಧನೆಯಲ್ಲ. ಆದರೆ 2017ರಲ್ಲಿ ಜಿಎಸ್‌ಟಿ ಬಂದಾಗ ಬೀಡಿ ಮೇಲಿನ ಸೆಸ್ ರದ್ದಾಯಿತು. ಮಕ್ಕಳ ವಿದ್ಯಾರ್ಥಿವೇತನಕ್ಕೆ, ಚಿಕಿತ್ಸೆಗೆ ಹಣ ಹೊಂದಿಸುತ್ತಿದ್ದ ಕಲ್ಯಾಣ ನಿಧಿಯ ಮೂಲವೇ ಹೋಯಿತು. ತೆರಿಗೆ ಸುಧಾರಣೆಯ ಚರ್ಚೆಯಲ್ಲಿ ಈ ಹೆಂಗಸರ ಹೆಸರು ಕೇಳಿಬಂದದ್ದು ತೀರ ಕಡಿಮೆ.

ಸಿದ್ಧ ಉಡುಪಿನ ವಿವಾದಗಳಲ್ಲಿ ಜಾಗತಿಕ ಮಾರುಕಟ್ಟೆಯ ಕೈ ಇನ್ನೂ ನೇರವಾಗಿ ಕಾಣುತ್ತದೆ. 2005ರಲ್ಲಿ ಉಡುಪು ರಫ್ತಿನ ಜಾಗತಿಕ ಕೋಟಾ ಪದ್ಧತಿ ಕೊನೆಗೊಂಡ ಮೇಲೆ ಪೈಪೋಟಿ ಬಿರುಸಾಯಿತು. 2016ರ ಏಪ್ರಿಲ್‌ನಲ್ಲಿ ಪಿಎಫ್ ಹಿಂಪಡೆಯುವ ನಿಯಮ ಬದಲಾದಾಗ ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಸಾವಿರಾರು ಸಂಖ್ಯೆಯಲ್ಲಿ ರಸ್ತೆಗಿಳಿದರು, ಕೇಂದ್ರ ಸರ್ಕಾರ ನಿಯಮವನ್ನೇ ಕೈಬಿಟ್ಟಿತು. 2020ರಲ್ಲಿ ರಾಜ್ಯ ಸರ್ಕಾರ ತುಟ್ಟಿಭತ್ಯೆಯ ಏರಿಕೆಯನ್ನು ಮುಂದೂಡಿತು. ತಿಂಗಳಿಗೆ ಸುಮಾರು 417 ರೂಪಾಯಿ. ಊರಿಗೆ ದುಡ್ಡು ಕಳಿಸುವವಳಿಗೆ ಅದು ದೊಡ್ಡ ಮೊತ್ತ. ಹೈಕೋರ್ಟ್ ಮಧ್ಯಪ್ರವೇಶಿಸಿದರೂ ಹಲವು ಕಾರ್ಖಾನೆಗಳು ಕೊಡಲಿಲ್ಲ. ವಿದೇಶಿ ಬ್ರ್ಯಾಂಡ್‌ಗಳ ಮೇಲೆ ಒತ್ತಡ ಬಿದ್ದ ಮೇಲೆಯೇ, 2022ರಲ್ಲಿ, ಬಾಕಿ ಕೈಗೆ ಬರತೊಡಗಿತು. ನಮ್ಮ ಕಾನೂನು ಜಾರಿಯಾಗಲು ಹೊರದೇಶದ ಗಿರಾಕಿಯ ಮುಲಾಜು ಬೇಕಾಯಿತೆಂಬುದು ನೋವಿನ ಸಂಗತಿ.

ಅದೇ 2020ರ ನವೆಂಬರ್‌ನಲ್ಲಿ, ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿಗೆ ನೆರೆಯದಾದ ಆಗಿನ ರಾಮನಗರ ಜಿಲ್ಲೆಯ ಬಿಡದಿಯಲ್ಲಿ ಟೊಯೊಟಾ ಕಿರ್ಲೋಸ್ಕರ್ ಲಾಕೌಟ್ ಘೋಷಿಸಿತು. ವಿವಾದ ಮುಂದಿನ ಮಾರ್ಚ್‌ವರೆಗೂ ಎಳೆಯಿತು. ಡಿಸೆಂಬರ್ 12ರಂದು ಕೋಲಾರದ ನರಸಾಪುರದಲ್ಲಿ, ಐಫೋನ್ ಜೋಡಿಸುತ್ತಿದ್ದ ವಿಸ್ಟ್ರಾನ್ ಕಾರ್ಖಾನೆಯಲ್ಲಿ ಸಂಬಳದ ಸಿಟ್ಟು ದಾಂಧಲೆಯಾಗಿ ಸಿಡಿಯಿತು. ಅಲ್ಲಿ ದುಡಿಯುತ್ತಿದ್ದ ಬಹುಪಾಲು ಜನ ಗುತ್ತಿಗೆಯವರು. ದಾಂಧಲೆಯನ್ನು ಯಾರೂ ಸಮರ್ಥಿಸಲಾರರು. ಆದರೆ ದೂರು ಕೇಳುವ ಸಂಘವಾಗಲಿ, ಹೊಣೆ ಹೊರುವ ಮಾಲೀಕನಾಗಲಿ ಎದುರಿಗಿಲ್ಲದಿದ್ದರೆ ಸಿಟ್ಟು ಹೊರಬರಲು ದಾರಿ ಯಾವುದು?

ಕುಣಿಗಲ್‌ನ ಅಂಚೇಪಾಳ್ಯ, ತುಮಕೂರಿನ ವಸಂತನರಸಾಪುರದಂಥ ಕೈಗಾರಿಕಾ ಪ್ರದೇಶಗಳ ಮುಂದಿರುವ ಪ್ರಶ್ನೆಯೂ ಇದೇ. ಗೇಟಿನ ಮೇಲೆ ಒಂದು ಹೆಸರು, ಕೊರಳಲ್ಲಿ ನೇತಾಡುವ ಕಾರ್ಡಿನಲ್ಲಿ ಗುತ್ತಿಗೆದಾರನ ಇನ್ನೊಂದು ಹೆಸರು. ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್‌ನಲ್ಲಿ 2023ರ ಫೆಬ್ರವರಿ 6ರಂದು ಉದ್ಘಾಟನೆಯಾದ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆಯ ವಿವಾದಗಳು ಕೇಂದ್ರದ ಕಾರ್ಮಿಕ ಅಧಿಕಾರಿಗಳ ವ್ಯಾಪ್ತಿಗೆ ಬರುತ್ತವೆ. ಅದೇ ಜಿಲ್ಲೆಯ ಖಾಸಗಿ ಕಾರ್ಖಾನೆಯವರು ರಾಜ್ಯದ ಕಾರ್ಮಿಕ ಇಲಾಖೆಯ ಬಾಗಿಲು ತಟ್ಟಬೇಕು.

ಕಾನೂನು ಈ ನಡುವೆ ಬೇರೆ ದಾರಿ ಹಿಡಿದಿದೆ. 2023ರಲ್ಲಿ ಕರ್ನಾಟಕ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ತಂದು, ದಿನಕ್ಕೆ 12 ಗಂಟೆಯವರೆಗಿನ ದುಡಿಮೆಗೆ ಅವಕಾಶ ಕೊಟ್ಟಿತು. ಮೂರು ತಿಂಗಳ ಓಟಿ ಮಿತಿಯನ್ನು 75ರಿಂದ 145 ಗಂಟೆಗೆ ಏರಿಸಿತು. 29 ಕೇಂದ್ರ ಕಾಯ್ದೆಗಳನ್ನು ಒಟ್ಟುಗೂಡಿಸಿದ ನಾಲ್ಕು ಕಾರ್ಮಿಕ ಸಂಹಿತೆಗಳು 2025ರ ನವೆಂಬರ್ 21ರಂದು ಜಾರಿಗೆ ಬಂದವು. ಕಾರ್ಖಾನೆ ಮುಚ್ಚಲು ಸರ್ಕಾರದ ಪೂರ್ವಾನುಮತಿ ಇನ್ನು 300 ಕಾರ್ಮಿಕರಿದ್ದರಷ್ಟೇ ಕಡ್ಡಾಯ. 1976ರಲ್ಲಿ ಇದ್ದದ್ದೂ 300. ಅದನ್ನು 1982ರ ತಿದ್ದುಪಡಿ 100ಕ್ಕೆ ಇಳಿಸಿತ್ತು. ನಲವತ್ತು ವರ್ಷಗಳ ಮೇಲೆ ಲೆಕ್ಕ ಮೊದಲಿಗೇ ಬಂದಿದೆ. ಮುಷ್ಕರಕ್ಕೆ 14 ದಿನ ಮುಂಚೆ ನೋಟಿಸು ಬೇಕು. ಅರ್ಧದಷ್ಟು ಅಥವಾ ಅದಕ್ಕಿಂತ ಹೆಚ್ಚು ಜನ ಒಂದೇ ದಿನ ಒಟ್ಟಾಗಿ ಸಾಂದರ್ಭಿಕ ರಜೆ ಹಾಕಿದರೆ ಅದೂ ಮುಷ್ಕರವೇ. ಸಣ್ಣ, ಮಧ್ಯಮ ಘಟಕಗಳೇ ತುಂಬಿರುವ ತುಮಕೂರಿನ ಹಿರೇಹಳ್ಳಿ, ಅಂತರಸನಹಳ್ಳಿಗಳಲ್ಲಿ 300ರ ಗೆರೆ ದಾಟುವ ಕಾರ್ಖಾನೆಗಳು ವಿರಳ.

ಸಂಹಿತೆಗಳಲ್ಲಿ ಒಳ್ಳೆಯದೂ ಇದೆ. ನಿಗದಿತ ಅವಧಿಯ ನೌಕರರಿಗೆ ಒಂದು ವರ್ಷಕ್ಕೇ ಗ್ರಾಚ್ಯುಟಿ ಬರುತ್ತದೆ. ಕಾರ್ಮಿಕರಿಗೆ ನೇಮಕಾತಿ ಪತ್ರ ಕೊಡುವುದು ಮಾಲೀಕನ ಹೊಣೆ. ಶಿಫ್ಟಿಗೆಂದು ಮುಂಜಾನೆ ಬಸ್ಸು ಹತ್ತುವ ಮಕ್ಕಳು ನಿಮ್ಮ ಮನೆಯಲ್ಲಿದ್ದರೆ ಆ ಪತ್ರ ಕೈಗೆ ಬಂದಿದೆಯೇ, ಅದರಲ್ಲಿ ಮಾಲೀಕನೆಂದು ಯಾರ ಹೆಸರಿದೆ ಎಂದು ಇವತ್ತೇ ಕೇಳಿ. ಬಂದಿಲ್ಲದಿದ್ದರೆ ಬರವಣಿಗೆಯಲ್ಲಿ ಕೇಳಿ ಪಡೆಯಲು ಹೇಳಿ.