ತಲೆ ಮೇಲಿನ ಬುಟ್ಟಿ ನೆಲದಡಿಗೆ ಹೋದದ್ದು

ಬೆಂಗಳೂರಿನ ಮಲ್ಲೇಶ್ವರ, ಬಸವನಗುಡಿಗಳ ಹಳೇ ಮನೆಗಳ ಬೆನ್ನಿಗೆ ಸಣ್ಣ ಓಣಿಗಳಿವೆ. ಕನ್ಸರ್ವೆನ್ಸಿ ಓಣಿ ಅಂತಾರೆ. 1898ರಲ್ಲಿ ಪ್ಲೇಗು ಬಡಿದ ಮೇಲೆ ಗಾಳಿ ಬೆಳಕು ಹುಡುಕಿಕೊಂಡು ಜನ ಈ ಬಡಾವಣೆಗಳಿಗೆ ಬಂದರು. ಮುಂದಿನ ರಸ್ತೆ ಮನೆಯವರಿಗೆ. ಹಿಂದಿನ ಓಣಿ ಕಕ್ಕಸು ಬಳಿದು ಮಲ ಹೊತ್ತೊಯ್ಯುವವರಿಗೆ. ಊರಿನ ನಕ್ಷೆ ಬರೆದವರು ಜಾತಿಯನ್ನೂ ಅದರಲ್ಲೇ ಬರೆದಿದ್ದರು.

1922ರಲ್ಲಿ ಒಳಚರಂಡಿ ಕೆಲಸ ಶುರುವಾಯ್ತು. ಅದರ ಲೆಕ್ಕ ಸರಳ: ನೀರು ಇಳಿಜಾರಿಗೆ ಹರಿಯುತ್ತೆ. ಬೆಂಗಳೂರು ದಿಬ್ಬದ ಮೇಲಿನ ಊರು. ಮನೆಯ ಕೊಳವೆ ಬೀದಿಯ ಕೊಳವೆಗೆ, ಬೀದಿಯದು ವೃಷಭಾವತಿ, ಕೋರಮಂಗಲ-ಚಲ್ಲಘಟ್ಟ, ಹೆಬ್ಬಾಳ ಕಣಿವೆಗಳ ದೊಡ್ಡ ಕೊಳವೆಗೆ. ಇಳಿಜಾರು ಸಾಲದ ಕಡೆ ಹೂಳು ಕೂರುತ್ತೆ, ಕೊಳೆಯುತ್ತೆ, ಹೈಡ್ರೋಜನ್ ಸಲ್ಫೈಡ್ ಅನ್ನೋ ವಿಷಗಾಳಿ ಹುಟ್ಟುತ್ತೆ. ಮೊದಲು ಕೊಳೆತ ಮೊಟ್ಟೆಯ ನಾತ. ಗಾಳಿ ದಟ್ಟವಾದರೆ ಮೂಗೇ ಸತ್ತು ನಾತವೂ ತಿಳಿಯಲ್ಲ. ಇಳಿದವನು ಕುಸಿಯುತ್ತಾನೆ. ಅವನನ್ನು ಎತ್ತಲು ಹೋದವನೂ ಅಲ್ಲೇ ಬೀಳುತ್ತಾನೆ.

ಕಟ್ಟಿಕೊಂಡ ಕೊಳವೆಗೆ ಇಳಿಯುವವರು ಯಾರು? ಗೆಳೆಯರೇ, ನೀರಿಗಿರುವಂತೆ ಈ ಸಮಾಜಕ್ಕೂ ಒಂದು ಇಳಿಜಾರಿದೆ. ಹಿಂದಿನ ಓಣಿಯಲ್ಲಿ ನಡೆದವರ ಮಕ್ಕಳೇ ಮ್ಯಾನ್‌ಹೋಲಿಗೂ ಇಳಿದರು.

ದೇವರಾಜ ಅರಸರ ಸಂಪುಟದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು 1970ರ ದಶಕದಲ್ಲಿ ಮಲ ಹೊರುವುದನ್ನು ನಿಷೇಧಿಸಿದರು. ಕಾನೂನಿನಲ್ಲಿ ಬುಟ್ಟಿ ತಲೆಯಿಂದ ಇಳಿಯಿತು. ಆದರೆ ಕೆಲಸ ಜಾತಿಯಿಂದ ಇಳಿಯಲಿಲ್ಲ. 1993ರಲ್ಲಿ ಕೇಂದ್ರದ ಕಾನೂನು ಬಂತು. 2013ರ ಕಾನೂನು, ರಕ್ಷಣೆಯಿಲ್ಲದೆ ಚರಂಡಿಗೆ ಮನುಷ್ಯನನ್ನು ಇಳಿಸುವುದೇ ಅಪರಾಧ ಅಂದಿತು. ಚರಂಡಿಯಲ್ಲಿ ಸತ್ತವರ ಮನೆಯವರಿಗೆ 10 ಲಕ್ಷ ಕೊಡಿ ಅಂತ 2014ರಲ್ಲಿ ಸುಪ್ರೀಂ ಕೋರ್ಟು ಹೇಳಿತು. 2023ರಲ್ಲಿ ಅದನ್ನು 30 ಲಕ್ಷ ಮಾಡಿತು. ಸಾವಿಗೆ ಕೊಡುವ ಹಣ ಏರಿತು. ಸಾವು ನಿಂತಿತೇ?

ಇದು ಯಂತ್ರ ಇಲ್ಲದ ನಾಡಲ್ಲ. ಕಾವೇರಿಯನ್ನು ಸುಮಾರು ನೂರು ಕಿಲೋಮೀಟರ್ ದೂರದಿಂದ ದಿಬ್ಬ ಹತ್ತಿಸಿ ಬೆಂಗಳೂರಿಗೆ ತರುತ್ತಾರೆ. ಅದೇ ಊರಿನ ಕೊಳಚೆಯನ್ನು ಸಂಸ್ಕರಿಸಿ 2018ರಿಂದ ಕೋಲಾರದ ಕೆರೆಗಳಿಗೆ ಏರಿಸುತ್ತಿದ್ದಾರೆ. ನದಿಯನ್ನೇ ಎತ್ತಬಲ್ಲವರಿಗೆ ನಾಲ್ಕಾಳು ಆಳದ ಹೂಳು ಎತ್ತಲು ಮಾತ್ರ ಮನುಷ್ಯನೇ ಬೇಕೆ? ಯಂತ್ರಕ್ಕೆ ದುಡ್ಡು ಬೇಕು. ಜಾತಿಯ ಆಳು ಅಗ್ಗಕ್ಕೆ ಸಿಗುತ್ತಾನೆ. ಗುಟ್ಟು ಇಷ್ಟೇ.

ಶಾಲೆಯಲ್ಲಿ ನೈರ್ಮಲ್ಯದ ಪಾಠ ಮಾಡುವ ಮೇಷ್ಟ್ರೇ, ಕೈ ತೊಳೆದ ನೀರು ಎಲ್ಲಿಗೆ ಹೋಗುತ್ತೆ ಅಂತ ಮಕ್ಕಳನ್ನು ಕೇಳಿ. ಅದು ಕಟ್ಟಿಕೊಂಡರೆ ಯಾರನ್ನು ಕರೀತಾರೆ ಅಂತಲೂ ಕೇಳಿ. ಆ ಉತ್ತರ ಗೊತ್ತಿರುವ ಮಗು ನಿಮ್ಮ ತರಗತಿಯಲ್ಲೇ ಕೂತಿರಬಹುದು.